ಹಳೆಯ ಜೀಪು, ಹೆಚ್ಚಿನ ಅಕ್ಕಿ

ವಚನಚಿಂತನೆಯ ನಡುವೆ ಜೀಪಿನ ಮಾತೇಕೆ ಎಂದು ತಾವು ಹುಬ್ಬೇರಿಸಬಹುದು. ತುಸು ತಾಳ್ಮೆಯಿಂದ ಓದಿದರೆ ಆಯ್ದಕ್ಕಿ ಮಾರಯ್ಯನವರ ನೆನಪು ನನಗೇಕೆ ಬಂದಿತೆಂಬುದು ತಿಳಿದೀತು.

ನಮ್ಮ ಅಡಿಕೆ ತೋಟವಿರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಅಲ್ಲಮಪ್ರಭುಗಳು ಹುಟ್ಟಿದ ಬಳ್ಳಿಗಾವಿಯಿಂದ ಬಹು ದೂರವೇನಲ್ಲ. ಡಾಂಬರು ರಸ್ತೆಯಿಂದ ಮನೆಗೆ ಬರುವ ಹಾದಿ ಮಣ್ಣಿನದು. ಮಳೆ ಹಿಡಿದರೆ ಅದು ನಾಟಿಗೆ ಹದ ಮಾಡಿದ ಗದ್ದೆಯಂತೆಯೇ. 2022ರ ಜುಲೈ ತಿಂಗಳ ಒಂದು ರಾತ್ರಿ ಅವ್ವನಿಗೆ ಉಬ್ಬಸ ಹೆಚ್ಚಾಯಿತು. ಬಾಡಿಗೆ ಕಾರಿನವನು ರಸ್ತೆಯಲ್ಲೇ ನಿಂತ. ಎಂಬತ್ತು ದಾಟಿದ ಜೀವವನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಕೂರಿಸಿ, ತಾಡಪಾಲು ಹೊದಿಸಿ, ಕಾರಿನ ತನಕ ಸಾಗಿಸಿದೆವು. ಅವ್ವ ಬದುಕಿದಳು. ಆದರೆ ಟ್ರೈಲರಿನ ಕುಲುಕಾಟದಲ್ಲಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಅವಳ ಮುಖ ಕಣ್ಣಿನಿಂದ ಮಾಸಲಿಲ್ಲ. ನಾಲ್ಕು ಚಕ್ರಗಳಿಗೂ ಬಲ ಹೋಗುವ ಜೀಪೊಂದನ್ನು ಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಹೊಸದು ನಿವೃತ್ತ ಶಾಲಾ ಮೇಷ್ಟರ ಕೈಗೆಟುಕುವಂಥದ್ದಲ್ಲ.

ಸೊರಬದಾಚೆ, ಚಂದ್ರಗುತ್ತಿಯ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ 2004ರ ಪೆಟ್ರೋಲ್ ಜೀಪೊಂದು ಮಾರಾಟಕ್ಕಿತ್ತು. ಕೇಳಿದ ಬೆಲೆ 2,40,000 ರೂಪಾಯಿ. ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಮಲೆನಾಡಿನ ಗಾಡಿಗೆ ಮೊದಲ ಶತ್ರು ತುಕ್ಕು. ಅವರು ಅಂಗಾತ ಮಲಗಿ ಚಾಸಿಸನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದರು, ಚಾಸಿಸ್ ನಂಬರನ್ನು ಆರ್.ಸಿ.ಯೊಡನೆ ತಾಳೆ ಹಾಕಿದರು. 15 ವರ್ಷ ತುಂಬಿದ ಮೇಲೆ, 2019ರಲ್ಲಿ, ನೋಂದಣಿಯನ್ನು 5 ವರ್ಷಕ್ಕೆ ನವೀಕರಿಸಿದ್ದರು. ಎಲ್ಲವೂ ಸರಿಯಾಗಿತ್ತು.

ಇಂತಹ ಜೀಪುಗಳಲ್ಲಿ ಗೇರ್ ಬಾಕ್ಸಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚಲು ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿರುತ್ತದೆ. ಗೇರಿನ ಪಕ್ಕದ ಚಿಕ್ಕ ಕೋಲು ಅದರದು. ನಾಲ್ಕು ಚಕ್ರಕ್ಕೆ ಹಾಕಿದಾಗ ಎರಡೂ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಷ್ಟೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ತೀರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಒತ್ತಡವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಮೇಸ್ತ್ರಿ ರಸ್ತೆಯಲ್ಲಿ ಪರೀಕ್ಷಿಸದೆ ತೋಟದ ಕೆಳಗಿನ ಕೆಸರಿಗೇ ಇಳಿಸಿದರು. ಗಾಡಿ ಸಲೀಸಾಗಿ ನಡೆಯಿತು. ಬಳಿಕ ‘ಲೋ’ಗೆ ಹಾಕಿ ದಿಣ್ಣೆ ಹತ್ತಿಸಿದರು, ಅದೂ ಸರಿ. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ‘ಟಕ್’ ಎಂದು ಕೋಲು ನ್ಯೂಟ್ರಲ್ಲಿಗೆ ಹಾರಿತು. ಇಳಿಜಾರಿನಲ್ಲಿ ಹೀಗಾದರೆ ಇಂಜಿನ್ನಿನ ತಡೆ ತಪ್ಪಿಹೋಗುತ್ತದೆ, ಬ್ರೇಕೊಂದೇ ಗತಿ.

“ಇಷ್ಟು ವರ್ಷದಲ್ಲಿ ಹಿಂಗೆ ಆಗಿದ್ದೇ ಇಲ್ಲ ಮೇಷ್ಟ್ರೇ” ಎಂದ, ಮಾಲೀಕನಾದ ತರುಣ.

ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವನ ತಂದೆ ತಲೆಯೆತ್ತಿದರು. “ಯಾಕೋ ತಮ್ಮಾ ಸುಳ್ಳು ಹೇಳ್ತೀಯ? ಎರಡು ಮಳೆಗಾಲದಿಂದ ಹಾರ್ತಾ ಇದೆಯಲ್ಲ. ಇಳಿಜಾರಲ್ಲಿ ಆ ಕೋಲು ಹಿಡ್ಕೊಂಡು ಕೂರೋದೇ ನನ್ನ ಕೆಲಸ ಆಗಿತ್ತು.”

ಮಗ ತಲೆ ತಗ್ಗಿಸಿದ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಪೆಟ್ಟಿಗೆ ಕೂತಿರೋ ರಬ್ಬರ್ ಸವೆದರೂ ಹಿಂಗಾಗ್ತದೆ, ಒಳಗಿನ ಹಲ್ಲು ಸವೆದರೂ ಆಗ್ತದೆ. ರಬ್ಬರಾದ್ರೆ ನಾಲ್ಕೈದು ಸಾವಿರ. ಹಲ್ಲಾದ್ರೆ ನಲವತ್ತಕ್ಕೆ ಕಮ್ಮಿ ಇಲ್ಲ. ಪೆಟ್ಟಿಗೇನೇ ಅಲ್ಲಾಡ್ತಿದೆ, ನಂಗೆ ರಬ್ಬರ್ ಅಂತಲೇ ಅನ್ಸುತ್ತೆ. ಬಿಚ್ಚದೆ ಹೇಳೋಕಾಗಲ್ಲ.”

ನಾನು ಜಗಲಿಗೆ ಮರಳಿ ಎರಡನೆಯ ಸಾಧ್ಯತೆಯನ್ನು ಮಾತ್ರ ಹೇಳಿದೆ. ಬೆಲೆ 2,00,000ಕ್ಕೆ ಇಳಿಯಿತು.

ಮರುವಾರ ಬಿಚ್ಚಿದಾಗ ದೋಷ ರಬ್ಬರಿನದೇ ಆಗಿತ್ತು. ಕೂಲಿ ಸೇರಿ 4,200 ರೂಪಾಯಿ. ಕೋಲು ಮತ್ತೆ ಹಾರಲಿಲ್ಲ. ಗೆದ್ದವನಂತೆ ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ನಮ್ಮ ಮನೆಯವರು ಅಡಿಕೆ ಆರಿಸುತ್ತಲೇ ಕೇಳಿದರು: “ಮಗ ಹೇಳಿದ್ದು ಸುಳ್ಳು, ಸರಿ. ಆದರೆ ನೀವು ದಂಡ ಹಾಕಿದ್ದು ಆ ಅಜ್ಜ ಹೇಳಿದ ನಿಜಕ್ಕಲ್ಲವೇ?”

ವಾದಿಸಿದೆ. ಹಲ್ಲೇ ಸವೆದಿದ್ದರೆ ನಷ್ಟ ನನ್ನದಾಗುತ್ತಿತ್ತು, ಆ ಭಯಕ್ಕೂ ಒಂದು ಬೆಲೆಯಿದೆ ಎಂದೆ. ಈಗಲೂ ಅದು ತಪ್ಪು ವಾದವೆಂದು ನನಗೆ ತೋರುವುದಿಲ್ಲ. ಆದರೆ ಮೇಸ್ತ್ರಿಯ ಮಾತಿನ ಅರ್ಧವನ್ನು ನುಂಗಿದ್ದೆನಲ್ಲ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗ ದೋಷವನ್ನು ಬಚ್ಚಿಟ್ಟ, ನಾನು ದೋಷದ ಚಿಕ್ಕತನವನ್ನು ಬಚ್ಚಿಟ್ಟೆ. ಆ ಜಗಲಿಯಲ್ಲಿ ಏನನ್ನೂ ಬಚ್ಚಿಡದಿದ್ದವರು ಅಜ್ಜ ಒಬ್ಬರೇ.

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಕ್ಕೆ ಸೇರಿಸದೆ, ಅಲ್ಲೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆಯನ್ನು ಮಕ್ಕಳಿಗೆ ಎಷ್ಟು ವರ್ಷ ಹೇಳಿದ್ದೆನೋ! ಮಾರಯ್ಯನವರು ಹೆಚ್ಚಾದುದನ್ನೆಲ್ಲ ಸುರಿದು ಬಂದರು. ನಾನು ಅಷ್ಟು ದೊಡ್ಡವನಲ್ಲ. ರಿಪೇರಿ ಖರ್ಚು, ಭಯದ ಬೆಲೆ ಎಂದೆಲ್ಲ ಕಳೆದು 20,000ಕ್ಕೆ ನನ್ನೊಡನೆ ನಾನೇ ಚೌಕಾಶಿ ಮುಗಿಸಿದೆ.

ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಹೇಗೂ ಮಾರಿದವನ ಸಹಿ ಬೇಕಿತ್ತು. ಅದೇ ನೆಪದಲ್ಲಿ ಜೀಪಿನಲ್ಲಿಯೇ ಹೋಗಿ, ನಡೆದುದನ್ನೆಲ್ಲ ಹೇಳಿ, ಹಣವನ್ನು ಮುಂದಿಟ್ಟೆ. ತರುಣ ಮುಟ್ಟಲಿಲ್ಲ. “ನಾನೂ ಹೇಳಿರಲಿಲ್ಲವಲ್ಲ ಮೇಷ್ಟ್ರೇ, ಅಲ್ಲಿಗಲ್ಲಿಗೆ ಸರಿಯಾಯ್ತು” ಎಂದ. ಅಜ್ಜ ಮಾತ್ರ ಸಂಕೋಚವಿಲ್ಲದೆ ತೆಗೆದುಕೊಂಡು, ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಕೇಳಿದರು: “ಈಗ ಇಳಿಜಾರಲ್ಲಿ ಹಾರಲ್ಲ ಅಂತೀರಾ?”

ಪಕ್ಕದಲ್ಲಿ ಕೂರಿಸಿಕೊಂಡು ಅದೇ ದಿಣ್ಣೆ ಹತ್ತಿಸಿದೆ. ಇಳಿಯಲು ಮೊದಲಾಗುತ್ತಿದ್ದಂತೆ ಅವರ ಕೈ ತಾನಾಗಿ ಆ ಚಿಕ್ಕ ಕೋಲಿನ ಮೇಲೆ ಹೋಯಿತು. ಕೆಳಗೆ ತಲುಪುವ ತನಕ ಕೋಲು ಕದಲಲಿಲ್ಲ. ಅಜ್ಜ ಕೈಯನ್ನೂ ತೆಗೆಯಲಿಲ್ಲ.