ಹರಾಜಿನ ಮನೆಯ ಹಂಡೆ

ಸುಂಟಿಕೊಪ್ಪದಲ್ಲಿ ಹೆಂಚಿನ ಮನೆಯೊಂದನ್ನು ಬ್ಯಾಂಕಿನ ಹರಾಜಿನಲ್ಲಿ ಕೊಂಡೆನೆಂದು ತಿಳಿಸಿದಾಗ ನನ್ನ ಅಕ್ಕ ಕೇಳಿದ್ದು ಒಂದೇ ಮಾತು: ‘ಅದರಲ್ಲಿದ್ದವರು ಎಲ್ಲಿಗೆ ಹೋದರು, ತಮ್ಮಾ?’

ಕಾನೂನಿನ ಉತ್ತರವೇನೋ ಸ್ಪಷ್ಟ. ೨೦೦೨ರ ಸರ್ಫೇಸಿ ಕಾಯಿದೆಯಂತೆ ಸಾಲಗಾರನಿಗೆ ೬೦ ದಿನಗಳ ನೋಟಿಸು ಕೊಟ್ಟು, ತೀರದಿದ್ದರೆ ಬ್ಯಾಂಕು ಸ್ವತ್ತನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು. ಸಾಲವೂ ಖರ್ಚೂ ಕಳೆದು ಮಿಕ್ಕ ಹಣವು ಹಕ್ಕುದಾರನಿಗೇ ಸೇರತಕ್ಕದ್ದು. ಕೊಂಡವನಿಗೆ ಮನೆ ‘ಇದ್ದಲ್ಲಿ ಇದ್ದಂತೆ’ ದೊರೆಯುತ್ತದೆ. ಮೂರು ಮಳೆಗಾಲ ಬೀಗ ಬಿದ್ದಿದ್ದ ಆ ಮನೆಯ ಸೋರುವ ಮಾಡು, ಗೆದ್ದಲು ಹಿಡಿದ ಪಕಾಸು ಎಲ್ಲವೂ ನನ್ನ ಪಾಲಿಗೆ ಬಂದವು.

ಮನೆ ಕಟ್ಟುವುದರಲ್ಲಿ, ದುರಸ್ತಿಯಲ್ಲಿ ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪದು. ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬಹುದಷ್ಟೆ. ಆದುದರಿಂದ ಚಾತುರ್ಮಾಸ ಮುಗಿಯುವವರೆಗೆ ಮಾಡಿನ ಕೆಲಸ ಬೇಡವೆಂದೆ. (ಕೊಡಗಿನ ಮಳೆಯಲ್ಲಿ ಯಾವ ಮೇಸ್ತ್ರಿಯೂ ಹೆಂಚು ಇಳಿಸಲಾರ; ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ.)

ನಾನು ಎಡವಿದ್ದು ಬೇರೆಡೆಯಲ್ಲಿ. ಅಟ್ಟದಲ್ಲಿ ಒಂದು ತಾಮ್ರದ ಹಂಡೆ, ಮರದ ತೊಟ್ಟಿಲು, ಮಕ್ಕಳ ಅಂಕಪಟ್ಟಿಗಳ ಕಟ್ಟು ಇದ್ದವು. ‘ಹಂಡೆ ಗುಜರಿಗೆ ಹಾಕೋಣವೇ ಸಾಹುಕಾರ್ರೇ?’ ಎಂದ ಮೇಸ್ತ್ರಿ. ನಾನು ಬೇಡವೆನ್ನಲಿಲ್ಲ. ಬಂದ ೪,೨೦೦ ರೂಪಾಯಿಯನ್ನು ‘ಇತರೆ ಆದಾಯ’ ಎಂದು ಲೆಕ್ಕದಲ್ಲಿ ಬರೆದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ತತ್ತ್ವಾರ್ಥಸೂತ್ರವನ್ನು ಹಿಡಿದು ಸ್ವಾಧ್ಯಾಯದಲ್ಲಿ ಎಷ್ಟು ಸಲ ವಿವರಿಸಿದ್ದೇನೋ! ಬ್ಯಾಂಕು ನನಗೆ ಕೊಟ್ಟ ಮಾರಾಟದ ಪ್ರಮಾಣಪತ್ರದಲ್ಲಿ ನಿವೇಶನವಿತ್ತು, ಕಟ್ಟಡವಿತ್ತು; ಹಂಡೆ ಇರಲಿಲ್ಲ. ಇದು ಹೊಳೆಯಲು ನನಗೆ ಎಂಟು ದಿನ ಹಿಡಿಯಿತು. ಗುಜರಿಯವನಲ್ಲಿಗೆ ಓಡಿದೆ, ಹಂಡೆ ಆಗಲೇ ಮೈಸೂರಿಗೆ ಹೋಗಿತ್ತು.

ಹಿಂದಿನ ಯಜಮಾನರನ್ನು ಕುಶಾಲನಗರದ ಬಾಡಿಗೆ ಮನೆಯಲ್ಲಿ ಕಂಡೆ. ಬಂಧುವೊಬ್ಬರ ಸಾಲಕ್ಕಾಗಿ ಮನೆಯನ್ನು ಒತ್ತೆಯಿಟ್ಟು ಕಳೆದುಕೊಂಡವರು. ಅಂಕಪಟ್ಟಿಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತೊಟ್ಟಿಲನ್ನು ವ್ಯಾನಿನಿಂದ ಇಳಿಸಿಕೊಂಡರು. ಹಂಡೆಯ ವಿಷಯ ಹೇಳಿ ಹಣ ಮುಂದಿಟ್ಟಾಗ ಮಾತ್ರ ಹಿಂದೆ ಸರಿದರು. ‘ಅದು ನಮ್ಮ ತಾಯಿಯ ತವರಿನಿಂದ ಬಂದದ್ದು. ಹಣ ಬೇಡ, ಹಂಡೆ ಸಿಕ್ಕಿದರೆ ಹೇಳಿ ಕಳಿಸಿ.’

ಈಗ ಮಾಡಿಗೆ ಹೊಸ ಪಕಾಸು ಬಂದಿದೆ, ಸೋರುವುದಿಲ್ಲ. ಆ ೪,೨೦೦ ರೂಪಾಯಿಯನ್ನು ‘ಇತರೆ ಆದಾಯ’ದಿಂದ ತೆಗೆದು ‘ಕೊಡತಕ್ಕ ಬಾಕಿ’ಗೆ ಬರೆದಿದ್ದೇನೆ. ಎರಡು ವರ್ಷದ ಲೆಕ್ಕ ಮುಗಿದರೂ ಅದು ಅಲ್ಲಿಯೇ ಇದೆ.