ಗೆರೆಗಳೇ ಎಲ್ಲೆಯಾದ ನಾಡು

ಮಗಳು ಅಳಿಯ ನೆಲೆಸಿರುವ ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತ್ಯಕ್ಕೆ ನಾವು ದಂಪತಿಗಳು ಸೆಪ್ಟೆಂಬರ್ ತಿಂಗಳಲ್ಲಿ ಹೋಗಿದ್ದೆವು. ಆಕೆಯ ಮದುವೆಯಾದಂದಿನಿಂದ ನಮ್ಮನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ: ಬಂಧುಬಳಗವಿಲ್ಲದ ಆ ದೂರದ ಬಯಲಿನಲ್ಲಿ ಕಷ್ಟಕಾಲಕ್ಕೆ ಇವಳಿಗೆ ಆಗುವವರು ಯಾರು?

ಕೆನಡಾದ ಹತ್ತು ಪ್ರಾಂತ್ಯಗಳಲ್ಲಿ ನದಿ, ಪರ್ವತ, ಸಮುದ್ರಗಳಾವುವೂ ಗಡಿಯಾಗಿಲ್ಲದ ಪ್ರಾಂತ್ಯ ಇದೊಂದೇ. ದಕ್ಷಿಣಕ್ಕೆ 49ನೆಯ ಅಕ್ಷಾಂಶ, ಉತ್ತರಕ್ಕೆ 60ನೆಯ ಅಕ್ಷಾಂಶ. ನಾಲ್ಕೂ ಎಲ್ಲೆಗಳು ಭೂಪಟದ ಮೇಲೆ ಎಳೆದ ಗೆರೆಗಳು. 1905ರಲ್ಲಿ ರೂಪುಗೊಂಡ ಈ ಪ್ರಾಂತ್ಯದ ವಿಸ್ತೀರ್ಣ ಸುಮಾರು 6.5 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತಲೂ ಹೆಚ್ಚು. ಜನಸಂಖ್ಯೆಯಾದರೋ 2021ರ ಗಣತಿಯಂತೆ ಸುಮಾರು 11.3 ಲಕ್ಷ, ಧಾರವಾಡ ಜಿಲ್ಲೆಯೊಂದರ ಜನರಿಗಿಂತ ಕಡಿಮೆ!

ಇಡೀ ಪ್ರಾಂತ್ಯ ಬಯಲೇ ಎಂದುಕೊಂಡಿದ್ದ ನಮ್ಮ ಎಣಿಕೆ ತಪ್ಪಾಗಿತ್ತು. ಉತ್ತರಾರ್ಧವೆಲ್ಲ ಅರಣ್ಯ, ಬಂಡೆ ಮತ್ತು ಅಸಂಖ್ಯ ಸರೋವರಗಳು. ದಕ್ಷಿಣದಲ್ಲಿ ಮಾತ್ರ ಕಣ್ಣು ಹರಿಯುವವರೆಗೆ ಗೋಧಿ, ಕನೋಲಾ ಮತ್ತು ಬೇಳೆಕಾಳುಗಳ ಹೊಲಗಳು. ಒಂದು ಕಾಲಕ್ಕೆ ಈ ಹುಲ್ಲುಗಾವಲು ಕ್ರೀ ಮೊದಲಾದ ಮೂಲನಿವಾಸಿಗಳದೂ ಅವರು ನೆಚ್ಚಿ ಬದುಕಿದ್ದ ಬೈಸನ್ ಹಿಂಡುಗಳದೂ ಆಗಿತ್ತು. ಇಂದಿನ ರಾಜಧಾನಿ ರೆಜೈನಾ ಇರುವ ಸ್ಥಳಕ್ಕೆ ಮೊದಲಿದ್ದ ಹೆಸರು 'ಮೂಳೆಗಳ ರಾಶಿ' ಎಂದು. 1882ರಲ್ಲಿ ರೈಲು ಬಂದಾಗ ಅದಕ್ಕೆ ರಾಣಿಯ ಹೆಸರಿಟ್ಟರು. ವಲಸಿಗರ ಸುಗ್ಗಿಯ ಹಿಂದೆ ಮೂಲನಿವಾಸಿಗಳ ಹಸಿವಿನ ಕಥೆಯಿದೆ ಎಂಬುದನ್ನು ಪ್ರವಾಸಿ ಮರೆಯಬಾರದು.

ಒಂದು ಸಂಜೆ ಜಲ್ಲಿ ರಸ್ತೆಯಲ್ಲಿ ನಮ್ಮ ಕಾರು ಕೆಟ್ಟು ನಿಂತಿತು. ಸುತ್ತ ಒಂದು ಮನೆಯೂ ಕಾಣಿಸಲಿಲ್ಲ. ಆಗ ದೂರದ ಹೊಲದಲ್ಲಿ ಕೊಯ್ಲು ಯಂತ್ರ ನಡೆಸುತ್ತಿದ್ದ ವೃದ್ಧ ರೈತರೊಬ್ಬರು ಕೆಲಸ ಬಿಟ್ಟು ಬಂದರು, ಕಾರನ್ನು ಸರಿಪಡಿಸಿಕೊಟ್ಟರು. ಸುಗ್ಗಿಯ ಹೊತ್ತಿನಲ್ಲಿ ತೊಂದರೆ ಕೊಟ್ಟೆವೆಂದು ನಾವು ಸಂಕೋಚಪಟ್ಟಾಗ, ಚಳಿಗಾಲದಲ್ಲಿ ಹೀಗೆ ನಿಂತವರನ್ನು ಬಿಟ್ಟುಹೋದರೆ ಅವರು ಉಳಿಯುವುದಿಲ್ಲ, ಆದ್ದರಿಂದ ನಿಲ್ಲುವುದೇ ಇಲ್ಲಿಯ ರೂಢಿ ಎಂದರು. ಇಲ್ಲಿ ಉಷ್ಣತೆ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಇಳಿಯುವುದೂ ಉಂಟು.

ಈ ರೂಢಿ ಇಲ್ಲಿ ಶಾಸನವೂ ಆಗಿದೆ. 1930ರ ದಶಕದಲ್ಲಿ ಬರಗಾಲವೂ ಧೂಳಿನ ಬಿರುಗಾಳಿಯೂ ಗೋಧಿಯ ಬೆಲೆಕುಸಿತವೂ ಒಟ್ಟಿಗೆ ಬಂದು ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಆ ನೋವನ್ನು ಕಂಡಿದ್ದ ಟಾಮಿ ಡಗ್ಲಸ್ ಅವರು 1944ರಲ್ಲಿ ಪ್ರಾಂತ್ಯದ ಮುಖ್ಯಸ್ಥರಾದರು. 1947ರಲ್ಲಿ ಎಲ್ಲರಿಗೂ ಆಸ್ಪತ್ರೆಯ ವಿಮೆ ಬಂತು. 1962ರಲ್ಲಿ ವೈದ್ಯರ ಮುಷ್ಕರವನ್ನೂ ಎದುರಿಸಿ ಸಾರ್ವತ್ರಿಕ ವೈದ್ಯಕೀಯ ವಿಮೆ ಜಾರಿಯಾಯಿತು. ಮುಂದೆ ಇಡೀ ಕೆನಡಾ ಅದನ್ನು ಅನುಸರಿಸಿತು.

ಆ ರೈತರು ಬೆಳೆದದ್ದು ಮಸೂರ. ಕಡಲಿಲ್ಲದ ಈ ನಾಡಿನ ಕಾಳು ರೈಲಿನಲ್ಲಿ ಪರ್ವತಗಳನ್ನು ದಾಟಿ ವ್ಯಾಂಕೂವರ್ ಬಂದರನ್ನು ಸೇರಿ, ಅಲ್ಲಿಂದ ಭಾರತಕ್ಕೂ ಬರುತ್ತದೆ. ಬೀಳ್ಕೊಡುವಾಗ ಅವರು ನಮ್ಮ ಕೈಗೆ ಒಂದು ಚೀಲ ಕಾಳು ಕೊಟ್ಟರು. ಅಂದು ರಾತ್ರಿ ಮಗಳು ಅದರ ಸಾರು ಮಾಡಿ ಬಡಿಸುತ್ತ, "ಅಪ್ಪಾಜಿ, ಇನ್ನೂ ಚಿಂತೆಯೇ?" ಎಂದು ಕೇಳಿದಳು. ನಾವು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆವು.