ಆರಿಸಿದ ಮೇಲೆ

ಭಾನುವಾರ ಬೆಳಿಗ್ಗೆ ಅಮೆರಿಕದಿಂದ ಮಗನ ಫೋನು ಬರುವುದು ವಾಡಿಕೆ. ಊಟ, ಹವೆ, ಅವನ ಕಚೇರಿ, ನಮ್ಮ ರಕ್ತದೊತ್ತಡ ಇಷ್ಟಾದರೆ ಐದು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ತಾನು ಇನ್ನು ಭಾರತಕ್ಕೆ ಮರಳಿ ನೆಲೆಸುವುದಿಲ್ಲವೆಂದು ಅವನು ತಿಳಿಸಿದ ಮೇಲಂತೂ ಆ ಐದು ನಿಮಿಷವೂ ಭಾರವಾಗಿತ್ತು. 2024ರ ಮಾರ್ಚ್‌ನಲ್ಲಿ ಅವನ ಗೆಳೆಯರ ಫ್ಯಾಂಟಸಿ ಬೇಸ್‌ಬಾಲ್ ಕೂಟದಿಂದ ಒಬ್ಬನು ಹಿಂದೆ ಸರಿದ. ಆ ಹನ್ನೆರಡನೆಯ ಸ್ಥಾನಕ್ಕೆ ಮಗ ನಮ್ಮಿಬ್ಬರ ಹೆಸರನ್ನು ಕೂಡಿಸಿ ಬರೆಸಿಬಿಟ್ಟ. ಹಣದ ಪಣವಿಲ್ಲವೆಂದು ಎರಡು ಸಲ ಕೇಳಿಕೊಂಡು ಒಪ್ಪಿದೆವು.

ನಿಜವಾದ ಆಟಗಾರರನ್ನು ಹೆಸರಿನ ಮಟ್ಟಿಗೆ ತಂತಮ್ಮ ತಂಡಗಳಿಗೆ ಹಂಚಿಕೊಂಡು, ಅವರು ಮೈದಾನದಲ್ಲಿ ಮಾಡಿದ್ದಕ್ಕೆ ಅಂಕ ಎಣಿಸುವ ಆಟವಿದು. 1980ರಲ್ಲಿ ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತವರ ಗೆಳೆಯರು ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರು. ಸಾಮಾನ್ಯ ಬಗೆಯಲ್ಲಿ ಆರು ತಿಂಗಳೂ ತಂಡವನ್ನು ತಿದ್ದುತ್ತಲೇ ಇರಬೇಕು. ಗಾಯಾಳುವನ್ನು ಕೈಬಿಡಬೇಕು, ಹೊಸಬನನ್ನು ಹಿಡಿಯಬೇಕು. ನಮಗೆ ಸಿಕ್ಕಿದ್ದು ಬೆಸ್ಟ್ ಬಾಲ್ ಎಂಬ ಬಗೆ. ಇದರಲ್ಲಿ ಡ್ರಾಫ್ಟ್ ದಿನ ಇಪ್ಪತ್ತು ಜನರನ್ನು ಆರಿಸಿದರೆ ಕೆಲಸ ಮುಗಿಯಿತು. ಪ್ರತಿವಾರ ಆ ಇಪ್ಪತ್ತರಲ್ಲಿ ಹೆಚ್ಚು ಗಳಿಸಿದ ಮೂವರು ಪಿಚರ್‌ಗಳು, ಏಳು ಬ್ಯಾಟರ್‌ಗಳ ಅಂಕವನ್ನು ಕಂಪ್ಯೂಟರೇ ಹೆಕ್ಕಿಕೊಳ್ಳುತ್ತದೆ. ಉಳಿದವರ ಸೋಲು ಲೆಕ್ಕಕ್ಕಿಲ್ಲ. ಆದರೆ ಯಾರನ್ನೂ ಬದಲಿಸುವಂತೆಯೂ ಇಲ್ಲ. ಮಕ್ಕಳ ವಿಷಯದಲ್ಲಿ ಇದು ನಮಗೆ ತೀರ ಹೊಸ ನಿಯಮವೇನೂ ಆಗಿರಲಿಲ್ಲ, ಬಿಡಿ.

ಈ ಒಂದು ನಿಯಮ ಆಯ್ಕೆಯ ಬುದ್ಧಿಯನ್ನೇ ತಿರುವುಮುರುವು ಮಾಡುತ್ತದೆ ಎಂಬುದು ಅರ್ಥವಾಗಲು ನಮಗೆ ವಾರವೇ ಹಿಡಿಯಿತು. ನಮ್ಮಲ್ಲೊಬ್ಬರು ಕ್ರಿಕೆಟ್ಟಿನ ಸರಾಸರಿಗಳನ್ನು ಬಾಯಿಪಾಠ ಮಾಡಿ ಬೆಳೆದವರು. ಪಟ್ಟಿ ಕೈಗೆ ಬಂದೊಡನೆ ಅವರ ಬೆರಳು ಲೂಯಿಸ್ ಅರೇಜ್ ಮೇಲೆ ನಿಂತಿತು. 2023ರಲ್ಲಿ .354 ಸರಾಸರಿ, ನಂಬಿಕಸ್ಥ ಮನುಷ್ಯ. ಆದರೆ ವರ್ಷಕ್ಕೆ ಹೊಡೆದದ್ದು ಹತ್ತೇ ಹೋಮ್ ರನ್. ಇನ್ನೊಬ್ಬರ ಕಣ್ಣು ಕೈಲ್ ಶ್ವಾರ್ಬರ್ ಮೇಲೆ. ಅವನದು ಅದೇ ವರ್ಷ .197 ಸರಾಸರಿ, ನಾಚಿಕೆಯಾಗುವಂಥದ್ದು. ಆದರೆ ಹೋಮ್ ರನ್ 47. ಮೂರು ದಿನ ಮನೆಯಲ್ಲಿ ಇದೇ ವಾಗ್ವಾದ. ಮಾಮೂಲಿ ತಂಡ ಕಟ್ಟುವಾಗ ಶ್ವಾರ್ಬರ್‌ನಂಥವನು ಬಿಸಿತುಪ್ಪ. ಯಾವ ವಾರ ಆಡಿಸಬೇಕು, ಯಾವ ವಾರ ಕೂರಿಸಬೇಕು ಎಂದು ತಿಳಿಯುವುದಿಲ್ಲ. ಬೆಸ್ಟ್ ಬಾಲ್‌ನಲ್ಲಿ ಆ ತಲೆನೋವು ನಮ್ಮದಲ್ಲ. ಅವನು ಎರಡು ವಾರ ಮಲಗಿದರೆ ಬೇರೆಯವರ ಅಂಕ ಸೇರುತ್ತದೆ, ಮೂರನೆಯ ವಾರ ನಾಲ್ಕು ಹೋಮ್ ರನ್ ಹೊಡೆದರೆ ಅವನದೇ ಸೇರುತ್ತದೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಒಬ್ಬನ ಸಾಧಾರಣ ದಿನವನ್ನಲ್ಲ, ಅತ್ಯುತ್ತಮ ದಿನವನ್ನು. ಅರೇಜ್ ಪಕ್ಷದವರು ಕೊನೆಗೆ ಸೋತರು, ಒಪ್ಪಿದರೆನ್ನುವುದು ಕಷ್ಟ.

ಡ್ರಾಫ್ಟ್ ನಡೆದದ್ದು ಅಲ್ಲಿನ ಶನಿವಾರ ರಾತ್ರಿ, ಪುಣೆಯಲ್ಲಿ ನಮಗೆ ಭಾನುವಾರ ಬೆಳಗಿನ ಆರೂವರೆ. ಚೀಟಿಯಲ್ಲಿ ಮೊದಲ ಸರದಿ ನಮಗೇ ಬಂದಿತ್ತು. ರೊನಾಲ್ಡ್ ಅಕುನ್ಯಾ ಜೂನಿಯರ್ ಎಂದೆವು. ಹಿಂದಿನ ವರ್ಷ 41 ಹೋಮ್ ರನ್, 73 ಬೇಸ್ ಕದ್ದವನು. ಯಾರನ್ನು ಕೇಳಿದರೂ ಅದೇ ಹೆಸರು. ಆದರೆ ಸರದಿ ಪ್ರತಿ ಸುತ್ತಿಗೂ ತಿರುಗುವುದರಿಂದ ಮೊದಲು ಆರಿಸಿದವರು ಮತ್ತೆ ಆರಿಸುವುದು ಇಪ್ಪತ್ತನಾಲ್ಕನೆಯವರಾಗಿ. ನಡುವೆ ಇಪ್ಪತ್ತೆರಡು ಹೆಸರುಗಳು ಕಣ್ಣೆದುರಿಗೇ ಹೋಗುತ್ತವೆ. ಮಗ ತನ್ನ ಮೊದಲ ಸರದಿಯಲ್ಲೇ ಅಟ್ಲಾಂಟಾದ ಪಿಚರ್ ಸ್ಪೆನ್ಸರ್ ಸ್ಟ್ರೈಡರ್‌ನನ್ನು ಎತ್ತಿಕೊಂಡ. 2023ರಲ್ಲಿ 281 ಸ್ಟ್ರೈಕ್‌ಔಟ್ ಮಾಡಿದ್ದ ತೋಳು ಅದು. ಪಿಚರ್‌ಗಳ ಮೊಣಕೈ ಕಾಯಿಲೆಯ ಬಗ್ಗೆ ಓದಿ ಹೆದರಿದ್ದ ನಾವು ಮೊದಲ ಸುತ್ತುಗಳಲ್ಲಿ ಬ್ಯಾಟರ್‌ಗಳನ್ನೇ ಆರಿಸಿ, ಪಿಚರ್‌ಗಳನ್ನು ನಡುವಿನ ಸುತ್ತುಗಳಿಂದ ಎಂಟು ಮಂದಿ ಕೂಡಿಸಿದೆವು. ಮೂವರ ಅಂಕಕ್ಕೆ ಎಂಟು ಜನ ಹೆಚ್ಚಾಯಿತೆಂದು ಮಗ ನಕ್ಕ. ಬದಲಿ ಸಿಗದ ಆಟದಲ್ಲಿ ಉಗ್ರಾಣ ತುಂಬಿಸಿಡುವುದು ನಮ್ಮ ತಲೆಮಾರಿಗೆ ಗೊತ್ತಿರುವ ವಿದ್ಯೆ.

ಹದಿನೆಂಟನೆಯ ಸುತ್ತಿನಲ್ಲಿ, ಬೆಳಗಿನ ತಿಂಡಿಯೂ ಆಗದೆ ಕಣ್ಣು ಮಂಜಾದ ಹೊತ್ತಿಗೆ, ಪಾಲ್ ಸ್ಕೀನ್ಸ್ ಎಂಬ ಹುಡುಗನ ಹೆಸರು ಒತ್ತಿದೆವು. ಅವನಿನ್ನೂ ಮೇಲಿನ ಲೀಗಿಗೆ ಬಂದಿರಲಿಲ್ಲ. ಕೆಳಗಿನ ಲೀಗಿನಲ್ಲಿರುವಷ್ಟು ದಿನ ಅವನಿಂದ ಸೊನ್ನೆ. ಆದರೆ ಆ ಸೊನ್ನೆ ನಮ್ಮನ್ನು ಕುಟುಕದು. ಮೇ 11ರಂದು ಅವನು ಬಂದ, ಬಂದವನು ನಿಲ್ಲಲೇ ಇಲ್ಲ; ಸರಾಸರಿ 1.96ರಲ್ಲಿ ವರ್ಷ ಮುಗಿಸಿ ವರ್ಷದ ಹೊಸಬನೆನಿಸಿದ. ಇದನ್ನು ನಮ್ಮ ಜಾಣ್ಮೆಯೆಂದು ಹೇಳಿಕೊಳ್ಳುವ ಆಸೆಯಿದೆ. ಆದರೆ ಅದೇ ತರ್ಕದಿಂದ ಅದಕ್ಕೂ ಮೊದಲೇ ಜಾಕ್ಸನ್ ಹಾಲಿಡೇಯನ್ನೂ ಆರಿಸಿದ್ದೆವು. ಏಪ್ರಿಲ್‌ನಲ್ಲಿ ಬಂದ ಅವನು ಹತ್ತು ಪಂದ್ಯಗಳಲ್ಲಿ 34 ಸಲ ಬ್ಯಾಟ್ ಹಿಡಿದು ಎರಡೇ ಹಿಟ್ ಗಳಿಸಿ ಹಿಂದಿರುಗಿದ.

ಸ್ಟ್ರೈಡರ್ ಏಪ್ರಿಲ್‌ನ ಮೊದಲ ವಾರದಲ್ಲೇ, ಎರಡು ಪಂದ್ಯಗಳಾದ ಮೇಲೆ, ಮೊಣಕೈ ಹಿಡಿದು ಹೊರನಡೆದ. ಆ ಭಾನುವಾರ ಮಗನ ಜೊತೆ ಮುಕ್ಕಾಲು ಗಂಟೆ ಮಾತನಾಡಿದೆವು. ಅಷ್ಟು ಹೊತ್ತು ಮಾತನಾಡಿ ಎಷ್ಟು ವರ್ಷವಾಗಿತ್ತೋ!

ಮೇ 26ರ ರಾತ್ರಿ ಹನ್ನೊಂದೂವರೆಗೆ ಫೋನು ಬಡಿದುಕೊಂಡಿತು. ಆ ಹೊತ್ತಿನಲ್ಲಿ ಪರದೇಶದ ಕರೆ ಬಂದರೆ ನಮ್ಮಂಥವರ ಎದೆ ಏನಾಗುತ್ತದೆಂಬುದನ್ನು ಈ ಬಳಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಬ್ಬರೂ ಎದ್ದು ಕುಳಿತೆವು. “ಅಮ್ಮಾ, ಮಲಗಿದ್ರಾ? ಅಪ್ಪ ಇದಾರಾ ಪಕ್ಕದಲ್ಲಿ? ಅಕುನ್ಯಾ ಮೊಣಕಾಲು ಹೋಯ್ತು” ಎಂದ. ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಇನ್ನಿಂಗ್ಸ್. ಡಬಲ್ ಹೊಡೆದು ಎರಡನೇ ಬೇಸಿನಲ್ಲಿ ನಿಂತಿದ್ದವನು ಮೂರನೆಯದರತ್ತ ನಾಲ್ಕು ಹೆಜ್ಜೆ ಇಟ್ಟು ತಿರುಗುವಷ್ಟರಲ್ಲಿ ಎಡಗಾಲು ಕೈಕೊಟ್ಟಿತ್ತು. ಯಾರೂ ಡಿಕ್ಕಿ ಹೊಡೆದಿರಲಿಲ್ಲ. 2021ರಲ್ಲಿ ಬಲ ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು. ನಮಗೆ ಮೊದಲು ಬಂದದ್ದು ಸಮಾಧಾನ, ಆಮೇಲೆ ನಾಚಿಕೆ, ಅದಾದ ಮೇಲಷ್ಟೇ ವ್ಯಸನ. 49 ಪಂದ್ಯ, ನಾಲ್ಕೇ ಹೋಮ್ ರನ್, ಅಲ್ಲಿಗೆ ಅವನ ವರ್ಷ ಮುಗಿದಿತ್ತು. ಆದರೂ ಅವನನ್ನು ತೆಗೆಯುವಂತಿಲ್ಲ. ಸೆಪ್ಟೆಂಬರ್‌ವರೆಗೆ ಪ್ರತಿ ಸೋಮವಾರ ನಮ್ಮ ಪಟ್ಟಿಯ ತಲೆಯಲ್ಲಿ ಅವನ ಹೆಸರು, ಎದುರಿಗೆ ಸೊನ್ನೆ. ಕ್ರಮೇಣ ಆ ಸೊನ್ನೆಯನ್ನು ನೋಡುವುದು ಅಭ್ಯಾಸವಾಯಿತು. ಶ್ವಾರ್ಬರ್ 38 ಹೋಮ್ ರನ್ ಹೊಡೆದು ಮರ್ಯಾದೆ ಉಳಿಸಿದ. ನಾವು ಏಳನೆಯವರಾದೆವು, ಮಗ ಒಂಬತ್ತನೆಯವನು.

ಮರುವರ್ಷ ಅಕುನ್ಯಾನನ್ನು ಆರಿಸಲು ನಮಗೆ ಧೈರ್ಯ ಬರಲಿಲ್ಲ; ಮಗ ಆರಿಸಿಕೊಂಡ. 2025ರ ಮೇ 23ರಂದು ಅವನು ಮೈದಾನಕ್ಕೆ ಮರಳಿದ. ನಮಗಾಗ ಬೆಳಗಿನ ಜಾವ, ಐದೂ ಆಗಿರಲಿಲ್ಲ. ಕಾಫಿಗೆ ನೀರಿಟ್ಟು ನೋಡುತ್ತ ಕುಳಿತಿದ್ದೆವು. ಎದುರಿಸಿದ ಮೊದಲ ಚೆಂಡನ್ನೇ ಹೋಮ್ ರನ್ನಿಗೆ ಎತ್ತಿದ. ತಕ್ಷಣ ಮಗನಿಗೆ ಫೋನು ಮಾಡಿದೆವು. ಎತ್ತಲಿಲ್ಲ, ಅವನೂ ಆಗ ನಮಗೇ ಮಾಡುತ್ತಿದ್ದನಂತೆ.